ಕೊಳವೆ ಬಾವಿಯ ಪೈಪುಗಳ ಥ್ರೆಡ್ ಜೋಡಣೆ: ವಹಿಸಬೇಕಾದ ಎಚ್ಚರಿಕೆ

ಸಬ್‌ಮರ್ಸಿಬಲ್ ಪಂಪು ಕಳಚಿ ಕೊಳವೆ ಬಾವಿಯೊಳಗೆ ಬಿದ್ದರೆ ಪಂಪಿನೊಡನೆ ಕೆಲವೊಮ್ಮೆ ಬಾವಿಯನ್ನೂ ಕಳೆದುಕೊಳ್ಳಬೇಕಾಗುತ್ತದೆ. ಸವೆದ ಅಥವಾ ಸಡಿಲವಾದ ಥ್ರೆಡ್ ಜೋಡಣೆ ಇಂತಹ ಹಾನಿಗೆ ಒಂದು ಕಾರಣ. ಆದುದರಿಂದ ರೈತ ಬಾಂಧವರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಅಗತ್ಯ.

ಜೋಡಣೆಯ ಮೇಲಿನ ಭಾರ

50 ಮಿ.ಮೀ. ಮಧ್ಯಮ ದರ್ಜೆಯ ಜಿ.ಐ. ಪೈಪು ಮೀಟರಿಗೆ ಸುಮಾರು 5 ಕೆ.ಜಿ. ತೂಗುತ್ತದೆ. 100 ಮೀಟರ್ ಆಳಕ್ಕೆ ಇಳಿಸಿದಾಗ ಪೈಪಿನ ತೂಕವೇ 500 ಕೆ.ಜಿ.; ಒಳಗೆ ತುಂಬಿದ ನೀರು ಇನ್ನೂ 200 ಕೆ.ಜಿ.ಗಿಂತ ಅಧಿಕ. ಪಂಪು ಮತ್ತು ಮೋಟಾರಿನ ತೂಕ ಬೇರೆ. ಇವೆಲ್ಲವೂ ಮೇಲಿನ ಜೋಡಣೆಗೆ ಜೋತುಬಿದ್ದಿರುತ್ತವೆ. ಅಲ್ಲದೆ, ಮೋಟಾರು ಚಾಲೂ ಆದಾಗಲೆಲ್ಲ ಪೈಪನ್ನು ತಿರುಚುವ ಶಕ್ತಿ ಉಂಟಾಗಿ, ಸಡಿಲ ಜೋಡಣೆಯು ಕ್ರಮೇಣ ಬಿಚ್ಚಿಕೊಳ್ಳಬಹುದು.

ಪೈಪಿನ ಆಯ್ಕೆ

ಥ್ರೆಡ್ ಕೊರೆದ ಭಾಗದಲ್ಲಿ ಪೈಪು ತೆಳುವಾಗುತ್ತದೆ. 3.6 ಮಿ.ಮೀ. ದಪ್ಪದ ಗೋಡೆಯಲ್ಲಿ ಸುಮಾರು 1.5 ಮಿ.ಮೀ. ಥ್ರೆಡ್‌ಗೇ ಹೋಗುತ್ತದೆ. ಹಳದಿ ಪಟ್ಟಿಯ ಹಗುರ ಪೈಪಿನಲ್ಲಿ ಉಳಿಯುವುದು ಇನ್ನೂ ಕಡಿಮೆ. ಆದ್ದರಿಂದ ಆಳಕ್ಕೆ ತಕ್ಕಂತೆ ನೀಲಿ ಪಟ್ಟಿಯ ಮಧ್ಯಮ ಅಥವಾ ಕೆಂಪು ಪಟ್ಟಿಯ ಭಾರಿ ದರ್ಜೆಯನ್ನೇ ಆರಿಸಬೇಕು.

ಜೋಡಿಸುವ ಕ್ರಮ

1. ಥ್ರೆಡ್‌ಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಒರೆಸಬೇಕು. ತುಕ್ಕು ತಿಂದ ಅಥವಾ ಸವೆದ ತುದಿಯನ್ನು ಕತ್ತರಿಸಿ ಹೊಸದಾಗಿ ಥ್ರೆಡ್ ಹಾಕಿಸಬೇಕು. ಟೇಪು ಸೋರಿಕೆಯನ್ನು ತಡೆಯುತ್ತದೆಯೇ ಹೊರತು ಸವೆದ ಥ್ರೆಡ್‌ಗೆ ಬಲ ಕೊಡುವುದಿಲ್ಲ.

2. ಪೈಪಿನ ತುದಿಯನ್ನು ನಮ್ಮ ಕಡೆಗೆ ಹಿಡಿದು, ಮೊದಲ ಎಳೆಯನ್ನು ಬಿಟ್ಟು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಟೆಫ್ಲಾನ್ ಟೇಪು ಸುತ್ತಬೇಕು. ವಿರುದ್ಧವಾಗಿ ಸುತ್ತಿದರೆ ಬಿಗಿಮಾಡುವಾಗ ಬಿಚ್ಚಿ ಬರುತ್ತದೆ.

3. ಮೊದಲು ಕೈಯಿಂದಲೇ ತಿರುಗಿಸಬೇಕು. ಆರಂಭದಲ್ಲೇ ಬಿಗಿಯಾದರೆ ಥ್ರೆಡ್ ಓರೆಯಾಗಿ ಕಚ್ಚಿದೆಯೆಂದು ತಿಳಿದು, ಬಿಚ್ಚಿ ಮತ್ತೆ ಕೂಡಿಸಬೇಕು.

4. ಎರಡು ಪೈಪ್ ರೆಂಚುಗಳಿಂದ ಬಿಗಿಮಾಡಬೇಕು. ರೆಂಚಿನ ಹಿಡಿಗೆ ಉದ್ದ ಪೈಪು ಸಿಕ್ಕಿಸಿ ಎಳೆದರೆ ಸಾಕೆಟ್ ಸೀಳಬಹುದು.

5. ಬಿಗಿಯಾದ ಜೋಡಣೆಯನ್ನು ಹಿಂದಕ್ಕೆ ತಿರುಗಿಸಿ ಹಾಗೆಯೇ ಬಿಡಬಾರದು. ಪೂರ್ತಿ ಬಿಚ್ಚಿ ಹೊಸ ಟೇಪು ಸುತ್ತಬೇಕು.

ಇಳಿಸುವಾಗ

ಕ್ಲಾಂಪು ಸಾಕೆಟ್ಟಿನ ಕೆಳಗೆ ಭದ್ರವಾಗಿ ಕೂತ ಮೇಲೆಯೇ ಸರಪಳಿ ಸಡಿಲಿಸಬೇಕು. ಕ್ಲಾಂಪಿನ ಕೆಳಗೆ ಕೈಬೆರಳು ಇಡಲೇಬಾರದು. ಪಂಪಿಗೆ ಗಟ್ಟಿಯಾದ ಸುರಕ್ಷತಾ ಹಗ್ಗ ಕಟ್ಟುವುದು ಒಳ್ಳೆಯದು; ವಿದ್ಯುತ್ ಕೇಬಲ್ಲಿನ ಮೇಲೆ ಭಾರ ಬೀಳಬಾರದು.

ಬಾವಿಯ ನೀರಿನ ಮಟ್ಟ ಇಳಿಯದಿದ್ದರೂ ಪಂಪಿನ ನೀರು ಕಡಿಮೆಯಾಗಿ, ಬಾವಿಯೊಳಗೆ ನೀರು ಬೀಳುವ ಸದ್ದು ಕೇಳಿದರೆ ಜೋಡಣೆ ಸೋರುತ್ತಿರಬಹುದು. ಕೂಡಲೇ ಮೋಟಾರು ನಿಲ್ಲಿಸಿ, ಮೇನ್ ಸ್ವಿಚ್ ಆರಿಸಿ, ಫ್ಯೂಸ್ ತೆಗೆದ ನಂತರವೇ ಪೈಪು ಮೇಲೆತ್ತಿಸಬೇಕು. ಪಂಪನ್ನು ದುರಸ್ತಿಗೆ ಎತ್ತಿದಾಗಲೆಲ್ಲ ಪ್ರತಿ ಜೋಡಣೆಯನ್ನೂ ಪರೀಕ್ಷಿಸಿದರೆ ಮುಂದಿನ ದೊಡ್ಡ ನಷ್ಟವನ್ನು ತಪ್ಪಿಸಬಹುದು.