ಇಲಿ ಬಿದ್ದ ಊರು, ನಂಬದ ಜನ

ಸಕಲೇಶಪುರ, ಆಲೂರು ಸೀಮೆಯ ಮನೆಗಳು ಬಯಲುಸೀಮೆಯ ಮನೆಗಳಂತೆ ಒಂದಕ್ಕೊಂದು ಗೋಡೆ ತಗುಲಿಸಿಕೊಂಡು ನಿಂತವಲ್ಲ. ತಗ್ಗಿನಲ್ಲಿ ಗದ್ದೆ, ಅದರ ಮೇಲಣ ದಿಬ್ಬದಲ್ಲಿ ಒಂಟಿಮನೆ, ಅದರ ಹಿಂದೆ ಕಾಫಿಯ ತೋಟ ಇಲ್ಲವೆ ಕಾಡು. ಮುಂಗಾರು ಹಿಡಿದರೆ ವಾರಗಟ್ಟಲೆ ಬಿಸಿಲಿನ ಮುಖ ಕಾಣದು. ಇಂಥ ನಾಡಿನ ಒಕ್ಕಲಿಗೆ ‘ಮನೆ ಬಿಟ್ಟು ಹೊರಗೆ ಗುಡಿಸಲು ಹಾಕು’ ಎಂದು ಹೇಳುವುದು ಸುಲಭ. ಜಡಿಮಳೆಯಲ್ಲಿ ಹಸುಗೂಸಿನೊಡನೆ ಆ ಗುಡಿಸಲಿನಲ್ಲಿ ಇರುಳು ಕಳೆಯುವುದು ಬೇರೆಯ ಮಾತು. ಪೇಟೆಯ ಬೀದಿಯನ್ನು ನೋಡಿ ಬರೆದ ಆಜ್ಞೆ ಬೆಟ್ಟದ ಮನೆಗೆ ಒಗ್ಗುವುದೆಂತು?

ಮೈಸೂರು ಸಂಸ್ಥಾನದ ಪ್ಲೇಗಿನ ಕಥೆಯನ್ನು ಈ ಪ್ರಶ್ನೆಯಿಂದಲೇ ತೊಡಗಬೇಕು. 1896ರಲ್ಲಿ ಮುಂಬಯಿಯಲ್ಲಿ ತಲೆಯೆತ್ತಿದ ಮಾರಿ ಹುಬ್ಬಳ್ಳಿಯನ್ನು ಹಾದು, ರೈಲುದಾರಿಯನ್ನು ಹಿಡಿದು, 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಆಗ ದಿವಾನರು ಶೇಷಾದ್ರಿ ಅಯ್ಯರ್. ಪ್ಲೇಗು ಕಮಿಷನರಾಗಿ ನೇಮಕಗೊಂಡವರು ವಿ. ಪಿ. ಮಾಧವರಾಯರು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ ನಡೆಯಿತು. ರೋಗಿಯನ್ನು ಊರಾಚೆಯ ಆಸ್ಪತ್ರೆಗೆ, ಮನೆಮಂದಿಯನ್ನು ಶಿಬಿರಕ್ಕೆ ಸಾಗಿಸಿದರು. ಬಿಸಿಲು ಒಳಗೆ ಬೀಳಲೆಂದು ಹೆಂಚು ತೆಗೆಸಿದರು, ಹಾಸಿಗೆ ಬಟ್ಟೆಗಳನ್ನು ಸುಡಿಸಿದರು. ಉದ್ದೇಶ ಕೆಟ್ಟದ್ದೆಂದು ಯಾರೂ ಹೇಳಲಾರರು. ಆದರೆ ದೇವರ ಮನೆಗೂ ಅಡಿಗೆಯ ಮನೆಗೂ ಅಪರಿಚಿತರು ನುಗ್ಗಿ, ನೆಲ್ಲಿನ ಕಣಜವನ್ನು ಕೆದಕಿ, ಮುದುಕಿಯನ್ನು ಡೋಲಿಯಲ್ಲಿ ಹೊತ್ತೊಯ್ದರೆ, ಆ ಮನೆಯವರು ಉದ್ದೇಶವನ್ನು ನೋಡುತ್ತಾರೆಯೇ? ಪುಣೆಯಲ್ಲಿ ಇಂಥದೇ ಕ್ರಮಗಳಿಂದ ಕೆರಳಿದ ರೋಷ 1897ರ ಜೂನ್ 22ರಂದು ಪ್ಲೇಗು ಅಧಿಕಾರಿ ರ್‍ಯಾಂಡನ ಮೇಲೆ ಗುಂಡಾಗಿ ಹಾರಿತು. ನಮ್ಮಲ್ಲಿ 1898ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಜನ ದಂಗೆಯೆದ್ದರು.

ಇದನ್ನೆಲ್ಲ ಪಾಮರರ ಅಜ್ಞಾನವೆಂದು ತಳ್ಳಿಹಾಕುವುದು ವಾಡಿಕೆ. ಆದರೆ ಅಜ್ಞಾನ ಒಂದೇ ಕಡೆ ಇರಲಿಲ್ಲ. ಇಲಿಯ ಚಿಗಟವೇ ರೋಗವನ್ನು ಹೊರುವುದೆಂದು ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಕಂಡುಕೊಂಡದ್ದು ಅದೇ 1898ರಲ್ಲಿ. ವಿದ್ವಾಂಸರು ಅದನ್ನು ಒಪ್ಪಲು ಹತ್ತಿರ ಹತ್ತಿರ ಒಂದು ದಶಕವೇ ಹಿಡಿಯಿತು. ಅಲ್ಲಿಯವರೆಗೆ ಸರ್ಕಾರ ನೆಲ ತೊಳೆಸುತ್ತ, ಗೋಡೆಗೆ ಸುಣ್ಣ ಬಳಿಸುತ್ತ ಕುಳಿತಿತ್ತು. ಇಲಿ ಪಕ್ಕದ ಮನೆಗೆ ಓಡುತ್ತಿತ್ತು. ‘ಇಲಿ ಬಿತ್ತು, ಊರು ಬಿಡಿ’ ಎಂದು ಹೊಲದಲ್ಲಿ ಗುಡಿಸಲು ಹೂಡಿದ ಹಳ್ಳಿಗನ ಉಪಾಯವೇ ಶಾಸ್ತ್ರಕ್ಕೆ ಹೆಚ್ಚು ಹತ್ತಿರವಾಗಿತ್ತು. ಹಾಗೆಂದು ಹಳ್ಳಿಗನನ್ನು ಹೊಗಳಿ ಸುಮ್ಮನಾಗುವಂತೆಯೂ ಇಲ್ಲ. ರೋಗಿಯನ್ನು ಅಟ್ಟದಲ್ಲಿ ಬಚ್ಚಿಟ್ಟವನೂ, ಹೆಣವನ್ನು ಗುಟ್ಟಾಗಿ ಸಾಗಿಸಿದವನೂ ಅವನೇ.

ಸೂಜಿಯ ವಿಷಯದಲ್ಲಿ ಹುಬ್ಬಳ್ಳಿಯ ಅನುಭವ ಬೇರೆ. ಹಾಫ್‌ಕಿನ್ ತಾನು ಸಿದ್ಧಪಡಿಸಿದ ಲಸಿಕೆಯನ್ನು 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡಿದ್ದನು. ಮರುವರ್ಷ ಹುಬ್ಬಳ್ಳಿಯಲ್ಲಿ ಡಾಕ್ಟರ್ ಲ್ಯೂಮನ್‌ರ ಶ್ರಮದಿಂದ ಮೂವತ್ತು ಸಾವಿರಕ್ಕೂ ಮಿಕ್ಕಿ ಜನ ಅದನ್ನು ಹಾಕಿಸಿಕೊಂಡರು. ಜನ ಅವರೇ, ಭಾಷೆಯೂ ಅದೇ. ಹೆಂಚು ಕೀಳಿಸುವ ಕೈಯನ್ನು ನಂಬದವರು ಸೂಜಿ ಹಿಡಿದ ಕೈಯನ್ನು ನಂಬಿದರೆಂಬುದು ಗಮನಿಸತಕ್ಕ ಸಂಗತಿ.

1897ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆಂದು ಆದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲಿ, ಕೊರೋನ ಬಂದಾಗ, ಮತ್ತೆ ಹೊರತೆಗೆಯಲಾಯಿತು. ಹಾಸನ ಜಿಲ್ಲೆ ಆ ವರ್ಷದ ಮೇ ತಿಂಗಳವರೆಗೂ ಸೋಂಕಿಲ್ಲದೆ ಉಳಿದಿತ್ತು. ಮೊದಲು ಅದು ಕಂಡದ್ದು ಮುಂಬಯಿಯಿಂದ ಮರಳಿದವರಲ್ಲಿ. ಮತ್ತೆ ಮುಂಬಯಿ! ಆ ದಿನಗಳಲ್ಲಿ ರಾಜ್ಯದ ಎಷ್ಟೋ ಹಳ್ಳಿಗಳು ದಾರಿಗೆ ಮುಳ್ಳು ಹಚ್ಚಿ ತಾವೇ ಗಡಿ ಕಾದವು. ಸರ್ಕಾರದ ಮೇಲಿದ್ದ ಅಪನಂಬಿಕೆ ಊರಿಗೆ ಮರಳಿದ ಸ್ವಂತ ಮಗನ ಮೇಲೂ ತಿರುಗಿತು. ಮರುವರ್ಷದ ಮೇ ತಿಂಗಳಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ಮಂದಿ ಸತ್ತರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರೇ ಎಂದು ಸರ್ಕಾರ ಮೊದಲು ಹೇಳಿತು. ಹೈಕೋರ್ಟು ನೇಮಿಸಿದ ಸಮಿತಿ ಬಂದು ನೋಡಿದಾಗ ಆ ಲೆಕ್ಕ ನಿಲ್ಲಲಿಲ್ಲ.