ಹೊಲದ 'ಔಷಧಿ' ನರಗಳಿಗೆ ವಿಷ

ಮಳೆಗಾಲದಲ್ಲಿ ವಾಂತಿ, ಹೊಟ್ಟೆನೋವು, ತಲೆಸುತ್ತು ಎಂದು ದವಾಖಾನೆಗೆ ಬರುವ ರೈತರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಇವತ್ತು ಹೊಲಕ್ಕೆ ಔಷಧಿ ಹೊಡೆದಿರಾ?" ಶಿಕಾರಿಪುರ, ಸೊರಬದ ಕಡೆ ಕೀಟನಾಶಕಕ್ಕೆ ಎಲ್ಲರೂ ಹೇಳುವುದು 'ಔಷಧಿ' ಎಂದೇ. ಹೆಸರು ಹಾಗಿರುವುದರಿಂದಲೋ ಏನೋ, ಅದರ ಭಯ ನಮಗೆ ಕಡಿಮೆ. 2018ರಲ್ಲಿ ಮೆಕ್ಕೆಜೋಳದ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದ ಜಾಗಗಳಲ್ಲಿ ನಮ್ಮ ಶಿವಮೊಗ್ಗವೂ ಒಂದು. ಹುಳು ಬಂದಲ್ಲಿ ಸಿಂಪಡಣೆಯೂ ಬರುತ್ತದೆ. ಆದ್ದರಿಂದ ಈ ವಿಷ ದೇಹದಲ್ಲಿ ಏನು ಮಾಡುತ್ತದೆ ಎಂದು ಪ್ರತಿ ಮನೆಯೂ ತಿಳಿದಿರಬೇಕು.

ನಮ್ಮ ನರಗಳು ಸ್ನಾಯುವಿಗೆ, ಗ್ರಂಥಿಗೆ, ಹೃದಯಕ್ಕೆ ಸಂದೇಶ ಕಳಿಸುವುದು ರಾಸಾಯನಿಕಗಳ ಮೂಲಕ. ಅವುಗಳಲ್ಲಿ ಮೊದಲು ಪತ್ತೆಯಾದದ್ದು ಅಸಿಟೈಲ್‌ಕೋಲಿನ್. 1921ರಲ್ಲಿ ಆಟೋ ಲೋವಿ ಎಂಬ ವಿಜ್ಞಾನಿ ಕಪ್ಪೆಯ ಹೃದಯದ ಮೇಲೆ ಪ್ರಯೋಗ ಮಾಡಿ ಇದರ ಕೆಲಸವನ್ನು ತೋರಿಸಿದರು. 1936ರಲ್ಲಿ ಹೆನ್ರಿ ಡೇಲ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಪಡೆದರು. ನರದ ತುದಿಯಿಂದ ಈ ರಾಸಾಯನಿಕ ಹೊರಟು ಕೆಲಸ ಮುಗಿಸಿದ ಕೂಡಲೇ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಕರೆಗಂಟೆ ಒತ್ತಿದ ಬೆರಳನ್ನು ತಕ್ಷಣ ತೆಗೆದ ಹಾಗೆ.

ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ಮುಂತಾದ ಕೀಟನಾಶಕಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಬೆರಳು ಗಂಟೆಯ ಮೇಲೆಯೇ ಉಳಿಯುತ್ತದೆ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈತುಂಬ ಬೆವರು, ವಾಂತಿ, ಭೇದಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಮಾಂಸಖಂಡ ಅದುರುತ್ತದೆ. ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಕುಡಿದರೆ ಮಾತ್ರವಲ್ಲ, ಚರ್ಮದ ಮೂಲಕ, ಉಸಿರಿನ ಮೂಲಕವೂ ಈ ವಿಷ ಒಳಗೆ ಹೋಗುತ್ತದೆ. 2018ರ ಡಿಸೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಪ್ರಸಾದ ತಿಂದ 17 ಮಂದಿಯ ಪ್ರಾಣ ತೆಗೆದದ್ದು ಇದೇ ಮೊನೊಕ್ರೊಟೊಫಾಸ್.

ಇದಕ್ಕೆ ಎದುರು ನಿಲ್ಲುವ ಮದ್ದು ಅಟ್ರೋಪಿನ್ ಚುಚ್ಚುಮದ್ದು. ಗ್ರಂಥಿ, ಶ್ವಾಸನಾಳ, ಹೃದಯಕ್ಕೆ ಅಸಿಟೈಲ್‌ಕೋಲಿನ್‌ನ ಸಂದೇಶ ಮುಟ್ಟದಂತೆ ಅದು ತಡೆಯುತ್ತದೆ, ಗಂಟೆಗೆ ಬಟ್ಟೆ ಸುತ್ತಿದ ಹಾಗೆ. ನಮ್ಮ ಯುನಾನಿ ಗ್ರಂಥಗಳು 'ಮುಖದ್ದಿರ್' ಅಂದರೆ ಮರಗಟ್ಟಿಸುವ ಮದ್ದುಗಳೆಂದು ಹೇಳುವ ದತ್ತೂರ, ಖುರಾಸಾನಿ ಅಜವಾನಗಳಲ್ಲಿ ಇರುವುದೂ ಈ ಜಾತಿಯ ವಸ್ತುಗಳೇ. ಹಾಗೆಂದು ವಿಷ ಹತ್ತಿದವರಿಗೆ ಯಾರೂ ದತ್ತೂರದ ಬೀಜ ಕೊಡಬೇಡಿ. ಯಾವ ಬೀಜದಲ್ಲಿ ಎಷ್ಟಿದೆ ಎಂದು ಹೇಳಲಾಗದು; ಅದೇ ಇನ್ನೊಂದು ವಿಷವಾಗುತ್ತದೆ. ಆಸ್ಪತ್ರೆಯಲ್ಲಿ ಎದೆಯ ಶಬ್ದ, ನಾಡಿ ನೋಡಿಕೊಂಡು ಕೆಲವೇ ನಿಮಿಷಕ್ಕೊಮ್ಮೆ ಅಟ್ರೋಪಿನ್ ಕೊಡುತ್ತಾರೆ. ನಾನು ಯುನಾನಿ ಕಲಿತವನು. ಆದರೂ ಸ್ಪಷ್ಟವಾಗಿ ಹೇಳುತ್ತೇನೆ, ಈ ವಿಷಕ್ಕೆ ನನ್ನ ದವಾಖಾನೆಯಲ್ಲಿ ಮದ್ದಿಲ್ಲ. ನನ್ನ ಬಳಿ ಬಂದು ಸಮಯ ಕಳೆಯಬೇಡಿ.

108ಕ್ಕೆ ಕರೆ ಮಾಡಿ. ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ, ಅಲ್ಲಿಂದ ಬೇಕಾದರೆ ಶಿವಮೊಗ್ಗದ ಮೆಗ್ಗಾನ್‌ಗೆ ಕಳಿಸುತ್ತಾರೆ. ಅಷ್ಟರಲ್ಲಿ ಕೈಗವಸು ಇಲ್ಲವೇ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ರೋಗಿಯ ಬಟ್ಟೆ ಬಿಚ್ಚಿ, ಮೈಯನ್ನು ಸೋಪು ನೀರಿನಿಂದ ತೊಳೆಯಿರಿ. ಒಂದು ಮಗ್ಗುಲಿಗೆ ಮಲಗಿಸಿ. ಉಪ್ಪುನೀರು, ಸಗಣಿ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಬದುಕುವವನೂ ಸಾಯಬಹುದು. ಔಷಧಿಯ ಡಬ್ಬಿಯನ್ನು ಜೊತೆಗೆ ಒಯ್ಯಿರಿ. ರೋಗಿ ಎದ್ದು ಕುಳಿತ ಎಂದು ಮರುದಿನವೇ ಮನೆಗೆ ಕರೆತರಬೇಡಿ. ಒಂದರಿಂದ ನಾಲ್ಕು ದಿನದೊಳಗೆ ಕತ್ತು ಮತ್ತು ಉಸಿರಾಟದ ಸ್ನಾಯುಗಳು ಮತ್ತೆ ಸೋಲುವುದುಂಟು.

ಇದರ ಉಲ್ಟಾ ತೊಂದರೆಯೂ ನಮ್ಮ ಮನೆಗಳಲ್ಲಿದೆ. ನೆಗಡಿ, ತುರಿಕೆಗೆ ಅಂಗಡಿಯಿಂದ ತರುವ ಕ್ಲೋರ್‌ಫೆನಿರಮಿನ್, ಹೊಟ್ಟೆ ಹಿಡಿತಕ್ಕೆ ನುಂಗುವ ಡೈಸೈಕ್ಲೊಮಿನ್ ಮಾತ್ರೆಗಳು ಅಟ್ರೋಪಿನ್‌ನಂತೆ ಅಸಿಟೈಲ್‌ಕೋಲಿನ್ ಅನ್ನು ತಡೆಯುತ್ತವೆ. ವಯಸ್ಸಾದವರಿಗೆ ಬಾಯಿ ಒಣಗುತ್ತದೆ, ಮಲ ಗಟ್ಟಿಯಾಗುತ್ತದೆ, ಮೂತ್ರ ಕಟ್ಟುತ್ತದೆ, ಬುದ್ಧಿ ಮಂಕಾಗುತ್ತದೆ. "ಅಜ್ಜನಿಗೆ ಇದ್ದಕ್ಕಿದ್ದಂತೆ ಅರಳುಮರಳು" ಎನ್ನುವ ಮೊದಲು ಅವರ ಮಾತ್ರೆಗಳನ್ನೆಲ್ಲ ವೈದ್ಯರಿಗೆ ತೋರಿಸಿ.

ಕೊನೆಯದಾಗಿ, ಡಬ್ಬಿಯ ಮೇಲಿನ ತ್ರಿಕೋನ ನೋಡಿ: ಕೆಂಪು ಎಂದರೆ ಅತಿ ಘೋರ ವಿಷ, ನಂತರ ಹಳದಿ, ನೀಲಿ, ಹಸಿರು. ಗಾಳಿಗೆದುರಾಗಿ ಹೊಡೆಯಬೇಡಿ. ಕೆಲಸ ಮುಗಿದ ಮೇಲೆ ಬರೀ ವುಝೂ ಸಾಲದು. ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆ ಬದಲಿಸಿ ನಮಾಝಿಗೆ ನಿಲ್ಲಿ, ಆಮೇಲೆ ಮಗುವನ್ನು ಎತ್ತಿಕೊಳ್ಳಿ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಉಳಿದ ಔಷಧಿಯನ್ನು ನೀರಿನ ಬಾಟಲಿಗೆ ಸುರಿದಿಡಬೇಡಿ. ಮಕ್ಕಳ ಕೈಗೂ, ಸಿಟ್ಟಿನಲ್ಲೋ ದುಃಖದಲ್ಲೋ ಇರುವ ದೊಡ್ಡವರ ಕೈಗೂ ಸಿಗದಂತೆ ಬೀಗ ಹಾಕಿಡಿ. ಸಾಧ್ಯವಾದರೆ ಇಂದಿನಿಂದ ಅದನ್ನು ಮನೆಯಲ್ಲಿ 'ವಿಷ' ಎಂದೇ ಕರೆಯಿರಿ.