ಬೀಗದ ಕೈ ಕಳಿಸುವುದು ಹೇಗೆ?

ಬೀಗ ಎಷ್ಟೇ ಗಟ್ಟಿಯಾಗಿದ್ದರೂ ಅದರ ಕೈ ಕಳ್ಳನಿಗೆ ಸಿಕ್ಕಿದರೆ ಮುಗಿಯಿತು. ಈ ಮಾತು ಕಂಪ್ಯೂಟರ್ ಜಾಲಗಳ ಭದ್ರತೆಗೂ ಅನ್ವಯಿಸುತ್ತದೆ. ಸಂದೇಶವನ್ನು ಗೂಢಲಿಪಿಗೆ ಪರಿವರ್ತಿಸುವ ವಿಧಾನ ಎಲ್ಲರಿಗೂ ತಿಳಿದಿರಬಹುದು. ಗುಟ್ಟಾಗಿರಬೇಕಾದುದು 'ಕೀಲಿ' ಎನ್ನುವ 0 ಮತ್ತು 1ಗಳ ಸರಣಿ ಮಾತ್ರ. ಈ ಕೀಲಿಯನ್ನು ತಯಾರಿಸುವುದು, ಹಂಚುವುದು, ಕಾಪಾಡುವುದು, ಕಾಲಕಾಲಕ್ಕೆ ಬದಲಿಸುವುದು, ಕೊನೆಗೆ ನಾಶಮಾಡುವುದು - ಇವೆಲ್ಲ ಸೇರಿ ಕೀಲಿ ನಿರ್ವಹಣೆ. ಇವುಗಳಲ್ಲಿ ತೀರ ಕಠಿಣವಾದುದು ಹಂಚಿಕೆ. ಅದಕ್ಕೆ ಭೌತವಿಜ್ಞಾನ ಕೊಟ್ಟ ಉತ್ತರವೊಂದು ನಮ್ಮ ಬೆಂಗಳೂರಿನಲ್ಲೇ ಪ್ರಕಟವಾಯಿತೆಂಬುದು ನಿಮಗೆ ಗೊತ್ತೇ?

ಲಾಲ್‌ಬಾಗಿನ ಪಕ್ಕದ ಸಿದ್ದಾಪುರದಲ್ಲಿರುವ ನೀವು ಧಾರವಾಡದ ಗೆಳೆಯರಿಗೆ ಗುಟ್ಟಿನ ಸಂದೇಶ ಕಳಿಸಬೇಕೆನ್ನಿ. ಕೀಲಿಯನ್ನು ಅದೇ ತಂತಿಯಲ್ಲಿ ಕಳಿಸಿದರೆ ಕದ್ದಾಲಿಸುವವನು ನಕಲು ಮಾಡಿಕೊಳ್ಳುತ್ತಾನೆ. ಕೀಲಿಗೂ ಬೀಗ ಹಾಕಿದರೆ ಅದಕ್ಕೆ ಇನ್ನೊಂದು ಕೀಲಿ ಬೇಕು! 1976ರಲ್ಲಿ ಡಿಫಿ ಮತ್ತು ಹೆಲ್ಮನ್, 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಇದಕ್ಕೆ ಗಣಿತದ ಪರಿಹಾರಗಳನ್ನು ಸೂಚಿಸಿದರು. ಎರಡನೆಯ ವಿಧಾನದ ಬಲವಿರುವುದು, ದೊಡ್ಡ ಸಂಖ್ಯೆಯನ್ನು ಅಪವರ್ತಿಸುವುದು ಕಷ್ಟ ಎಂಬುದರಲ್ಲಿ. ಆದರೆ ಸಮರ್ಥ ಕ್ವಾಂಟಮ್ ಕಂಪ್ಯೂಟರ್ ಇದ್ದರೆ ಆ ಕಷ್ಟ ಉಳಿಯದೆಂದು 1994ರಲ್ಲಿ ಪೀಟರ್ ಶೋರ್ ತೋರಿಸಿದರು. ಇಂದು ಕದ್ದಿಟ್ಟ ಗೂಢಲಿಪಿಯ ದಾಖಲೆಯನ್ನು ಮುಂದೊಂದು ದಿನ ಬಿಡಿಸಿ ಓದುವ ಅಪಾಯವಿದೆ.

1984ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಮತ್ತು ಸಂಜ್ಞಾ ಸಂಸ್ಕರಣೆಯ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದರ ನಡಾವಳಿಯಲ್ಲಿ ಚಾರ್ಲ್ಸ್ ಬೆನೆಟ್ ಮತ್ತು ಜೀಲ್ ಬ್ರಸಾರ್ ಅವರ ಐದು ಪುಟಗಳ ಪ್ರಬಂಧವಿದೆ. ಅದರಲ್ಲಿನ ವಿಧಾನ ಇಂದು 'ಬಿಬಿ84' ಎಂದು ಪ್ರಸಿದ್ಧ.

ವಿಧಾನ ಸರಳ. ಕಳಿಸುವವರು ಪ್ರತಿಯೊಂದು ಬಿಟ್ಟನ್ನು ಒಂದು ಫೋಟಾನಿನ ಧ್ರುವೀಕರಣದಲ್ಲಿ ಅಡಗಿಸುತ್ತಾರೆ. ಇದಕ್ಕೆ ಎರಡು ಜೋಡಿ ದಿಕ್ಕುಗಳಿವೆ: 0 ಮತ್ತು 90 ಡಿಗ್ರಿ ಒಂದು ಜೋಡಿ, 45 ಮತ್ತು 135 ಡಿಗ್ರಿ ಇನ್ನೊಂದು. ಪ್ರತಿ ಸಲವೂ ಜೋಡಿಯ ಆಯ್ಕೆ ಯಾದೃಚ್ಛಿಕ. ಪಡೆಯುವವರೂ ಹಾಗೆಯೇ ಯಾವುದೋ ಒಂದು ಜೋಡಿಯಲ್ಲಿ ಅಳೆಯುತ್ತಾರೆ. ಜೋಡಿ ಹೊಂದಿದರೆ ಸರಿಯಾದ ಬಿಟ್; ಹೊಂದದಿದ್ದರೆ 0 ಅಥವಾ 1 ಬರುವ ಸಾಧ್ಯತೆ ಸಮಸಮ. ಆಮೇಲೆ ಇಬ್ಬರೂ ಬಿಟ್ಟುಗಳನ್ನು ಹೇಳದೆ ಜೋಡಿಗಳನ್ನಷ್ಟೇ ಬಹಿರಂಗವಾಗಿ ತಿಳಿಸಿ, ಹೊಂದಿದವನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಸುಮಾರು ಅರ್ಧದಷ್ಟು ಉಳಿಯುತ್ತವೆ.

ನಡುವೆ ಕಳ್ಳನಿದ್ದರೆ? ಅಪರಿಚಿತ ಸ್ಥಿತಿಯಲ್ಲಿರುವ ಫೋಟಾನನ್ನು ನಕಲು ಮಾಡಲು ಕ್ವಾಂಟಮ್ ನಿಯಮ ಬಿಡುವುದಿಲ್ಲ. ಅವನು ಅಳೆದೇ ಮುಂದೆ ಕಳಿಸಬೇಕು. ಅರ್ಧ ಸಲ ತಪ್ಪು ಜೋಡಿ ಆರಿಸುತ್ತಾನೆ. ಹಾಗೆ ಕೆಟ್ಟ ಫೋಟಾನುಗಳಲ್ಲಿ ಅರ್ಧದಷ್ಟು ತಪ್ಪು ಬಿಟ್ ಕೊಡುತ್ತವೆ. ಅಂದರೆ ನೂರಕ್ಕೆ 25 ತಪ್ಪು. ಉಳಿದ ಬಿಟ್ಟುಗಳಲ್ಲಿ 20ನ್ನು ಬಹಿರಂಗವಾಗಿ ಹೋಲಿಸಿದರೆ, ಕಳ್ಳ ಒಂದೂ ತಪ್ಪು ಕಾಣದಂತೆ ಪಾರಾಗುವ ಸಂಭವ ಸಾವಿರಕ್ಕೆ ಸುಮಾರು 3. ಹೋಲಿಸಿದ ಬಿಟ್ಟುಗಳನ್ನು ಬಿಸಾಡಿ, ಮಿಕ್ಕವನ್ನು ಕೀಲಿಯಾಗಿ ಬಳಸಬಹುದು.

ತರಗತಿಯಲ್ಲಿ ಇದನ್ನು ಮೂವರು ವಿದ್ಯಾರ್ಥಿಗಳಿಂದ ಮಾಡಿಸಿ. ಮೊದಲನೆಯವರು ನಾಣ್ಯ ಚಿಮ್ಮಿ ಜೋಡಿ ಮತ್ತು ಬಿಟ್ ನಿರ್ಧರಿಸಿ ಚೀಟಿಯಲ್ಲಿ ಬರೆದು ಮಡಚಲಿ. ಚೀಟಿ ತೆರೆಯುವವರು ಮೊದಲೇ ತಮ್ಮ ಜೋಡಿಯನ್ನು ನಾಣ್ಯದಿಂದ ನಿರ್ಧರಿಸಿರಬೇಕು. ಜೋಡಿ ಹೊಂದದಿದ್ದರೆ ಚೀಟಿಯ ಬಿಟ್ಟನ್ನು ಲೆಕ್ಕಿಸದೆ, ನಾಣ್ಯ ಚಿಮ್ಮಿ ಬಂದುದನ್ನೇ ಬರೆದುಕೊಳ್ಳಬೇಕು. ನಡುವಿನ ಕಳ್ಳನಿಗೂ ಇದೇ ನಿಯಮ. ಅವನು ತನ್ನ ಜೋಡಿ ಮತ್ತು ಫಲಿತಾಂಶದ ಹೊಸ ಚೀಟಿಯನ್ನು ಮುಂದೆ ಕೊಡಲಿ. ನೂರು ಚೀಟಿಗಳಾದ ಮೇಲೆ, ಮೊದಲನೆಯ ಮತ್ತು ಕೊನೆಯವರ ಜೋಡಿ ಹೊಂದಿದ ಕಡೆ ತಪ್ಪುಗಳನ್ನು ಎಣಿಸಿ.

1989ರಲ್ಲಿ ಬೆನೆಟ್ ಮತ್ತು ಸಂಗಡಿಗರು ನಡೆಸಿದ ಮೊದಲ ಪ್ರಯೋಗದಲ್ಲಿ ಫೋಟಾನುಗಳು ಸಾಗಿದ್ದು 32 ಸೆಂಟಿಮೀಟರ್ ಮಾತ್ರ. 2021ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎರಡು ಕಟ್ಟಡಗಳ ನಡುವೆ ತೆರೆದ ಗಾಳಿಯ ಮೂಲಕ ಕ್ವಾಂಟಮ್ ಕೀಲಿ ಹಂಚಿಕೆಯನ್ನು ಸಾಧಿಸಿದರು. 2023ರ ಏಪ್ರಿಲಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ರಾಷ್ಟ್ರೀಯ ಕ್ವಾಂಟಮ್ ಅಭಿಯಾನದಲ್ಲೂ ಇಂಥ ಸಂಪರ್ಕಕ್ಕೆ ಸ್ಥಾನವಿದೆ. ಇನ್ನೊಂದೆಡೆ, ಕ್ವಾಂಟಮ್ ಕಂಪ್ಯೂಟರಿಗೂ ಮಣಿಯದಂತೆ ರೂಪಿಸಿದ ಹೊಸ ಗಣಿತ ವಿಧಾನಗಳ ಮಾನಕಗಳು 2024ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಪ್ರಕಟವಾಗಿವೆ.

ಬಿಬಿ84ಗೂ ಮಿತಿಗಳಿವೆ. ಆಚೆ ತುದಿಯಲ್ಲಿರುವವರು ನಿಜವಾಗಿ ನಿಮ್ಮ ಗೆಳೆಯರೇ ಎಂಬುದನ್ನು ಅದು ಹೇಳಲಾರದು. ಆ ಖಾತ್ರಿಗೆ ಬೇರೆ ವ್ಯವಸ್ಥೆ ಬೇಕು. ದೂರ ಹೆಚ್ಚಿದಂತೆ ದಾರಿಯಲ್ಲೇ ಫೋಟಾನುಗಳು ನಷ್ಟವಾಗುತ್ತವೆ. ಕೈಸೇರಿದ ಕೀಲಿಯನ್ನು ಕಾಪಾಡುವ, ಬದಲಿಸುವ, ಅಳಿಸುವ ಹೊಣೆ ಮಾತ್ರ ಮನುಷ್ಯರದೇ. ಆದ್ದರಿಂದ ಜಾಲ ಭದ್ರತೆಯನ್ನು ಓದುವ ವಿದ್ಯಾರ್ಥಿಗಳು ಗಣಿತ, ಭೌತವಿಜ್ಞಾನಗಳ ಜೊತೆಗೆ ಕೀಲಿ ನಿರ್ವಹಣೆಯ ಈ ದಿನನಿತ್ಯದ ಶಿಸ್ತನ್ನೂ ಕಲಿಯಬೇಕಾಗುತ್ತದೆ.